ಹರಿದ ಹಾಳೆಯೋ, ಹರಿದ ಕಥೆಯೋ?
(ಹಳೆಯ ಚಿತ್ರಕಥೆಗಳ ಕೆಲವು ವಿಚಿತ್ರಗಳು)

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಚನ ಸಾಹಿತ್ಯ, ರಾಷ್ಟ್ರಕೂಟರ ಆಳ್ವಿಕೆ, ಭೀಮಾ ತೀರದ ದೇವಾಲಯಗಳು ಮೊದಲಾದ ಘನವಾದ ವಿಷಯಗಳನ್ನು ಕುರಿತು ಲೇಖನಗಳು ಬರುವುದು ವಾಡಿಕೆ. ಅಂಥವುಗಳ ನಡುವೆ ಮಕ್ಕಳು ಓದುವ ಬಣ್ಣದ ಚಿತ್ರಕಥೆಗಳ ವಿಷಯವನ್ನು ತಂದಿರುವುದಕ್ಕೆ ವಾಚಕರು ಕ್ಷಮಿಸಬೇಕು. ಆದರೆ ನಾನು ಓದಲು ಕಲಿತದ್ದು ಸಾಲೆಯಲ್ಲಾದರೂ, ಓದಿದ್ದನ್ನು ಪ್ರಶ್ನಿಸಲು ಕಲಿತದ್ದು ಈ ಪುಸ್ತಕಗಳಿಂದಲೇ. ಆದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ಸೋದರಮಾವನದು ಆಳಂದದಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಬೇಸಿಗೆಯ ರಜೆಯಲ್ಲಿ ನಾನು ಅಲ್ಲಿರುತ್ತಿದ್ದೆ. ಸಾಸಿವೆ, ಜೀರಿಗೆ, ಸಕ್ಕರೆ ಕಟ್ಟಲು ಮಾವ ರದ್ದಿ ಕಾಗದವನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಯಾರೋ ಮನೆ ಖಾಲಿ ಮಾಡಿದವರ ಒಂದು ಗೋಣಿಚೀಲ ರದ್ದಿ ಬಂದಿತು. ಅದರೊಳಗೆ ಕನ್ನಡದ ‘ಇಂದ್ರಜಾಲ ಕಾಮಿಕ್ಸ್’ ಪುಸ್ತಕಗಳಿದ್ದವು. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧಕ್ಕರ್ಧ ಹಾಳೆಗಳು ಪೊಟ್ಟಣಗಳಾಗಿ ಆಳಂದದ ಮನೆಮನೆ ಸೇರಿದ್ದವು. ಉಳಿದವನ್ನು ಮಾವನನ್ನು ಕಾಡಿ ಬೇಡಿ ಪಡೆದು, ಊರಿಗೆ ತಂದು, ರಾತ್ರಿ ಊಟವಾದ ಮೇಲೆ ಮುತ್ಯಾನಿಗೂ ಆಯಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವರಿಬ್ಬರಿಗೂ ಅಕ್ಷರ ಬಾರದು.

ಇಂದ್ರಜಾಲ ಕಾಮಿಕ್ಸ್ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ರ ಮಾರ್ಚಿಯಲ್ಲಿ ಆರಂಭಿಸಿದ ಮಾಲೆ, 1990ರಲ್ಲಿ ನಿಂತುಹೋಯಿತು. ಇಂಗ್ಲಿಷಿನಲ್ಲಿಯೂ ಕನ್ನಡವೂ ಸೇರಿದಂತೆ ನಮ್ಮ ಹಲವು ಭಾಷೆಗಳಲ್ಲಿಯೂ ಅದು ಪ್ರಕಟವಾಗುತ್ತಿತ್ತು. ಅದರ ಮುಖ್ಯ ನಾಯಕ ಫ್ಯಾಂಟಮ್. ಅಮೇರಿಕದ ಲೀ ಫಾಕ್ ಎಂಬಾತ 1936ರ ಫೆಬ್ರುವರಿಯಲ್ಲಿ ಪತ್ರಿಕೆಗಳಿಗಾಗಿ ಸೃಷ್ಟಿಸಿದ ಪಾತ್ರವಿದು. ಮೊದಲು ಚಿತ್ರ ಬರೆದವನು ರೇ ಮೂರ್. ಕಥೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. 1536ರಲ್ಲಿ ಕಡಲುಗಳ್ಳರು ಒಂದು ಹಡಗನ್ನು ಸೂರೆ ಮಾಡುತ್ತಾರೆ. ನಾವಿಕನ ಮಗನೊಬ್ಬ ಮಾತ್ರ ಬದುಕಿ ದಡ ಸೇರುತ್ತಾನೆ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆಯಿಟ್ಟು, ತಾನೂ ತನ್ನ ವಂಶದವರೂ ಅನ್ಯಾಯದ ವಿರುದ್ಧ ಹೋರಾಡುವುದಾಗಿ ಪ್ರತಿಜ್ಞೆ ಮಾಡುತ್ತಾನೆ. ತಂದೆ ಸತ್ತೊಡನೆ ಮಗ ಅದೇ ವೇಷ ಧರಿಸುತ್ತಾನೆ. ಕಾಡಿನ ಜನರು ಒಬ್ಬನೇ ಮನುಷ್ಯ ನಾಲ್ಕು ನೂರು ವರ್ಷದಿಂದ ಸಾಯದೆ ಓಡಾಡುತ್ತಿದ್ದಾನೆಂದು ನಂಬುತ್ತಾರೆ. ನಾವು ಓದುವ ಕಥೆಗಳ ನಾಯಕ ಇಪ್ಪತ್ತೊಂದನೆಯವನು.

ಮುದ್ರಿತ ಹಾಳೆಗೆ ಕಾಲು ತಗಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಅಚ್ಚಾದದ್ದು ಸುಳ್ಳಾಗಲಾರದು, ಅರ್ಥವಾಗದಿದ್ದರೆ ದೋಷ ನಮ್ಮ ಬುದ್ಧಿಯದು ಎಂದೇ ನಾನು ತಿಳಿದಿದ್ದೆ. ಕಥೆಯಲ್ಲಿ ಎಲ್ಲಿಯಾದರೂ ಎಡವಿದರೆ ‘ಹಾಳೆ ಹರಿದುಹೋಗಿದೆ, ಆ ಹಾಳೆಯಲ್ಲಿ ಇದಕ್ಕೆ ಉತ್ತರವಿದ್ದಿರಬೇಕು’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅಕ್ಷರ ಬಾರದ ಮುತ್ಯಾನಿಗೆ ಈ ಭಯಭಕ್ತಿ ಇರಲಿಲ್ಲ. ಆಣೆಯ ಕಥೆ ಓದಿದ ರಾತ್ರಿ ಅವನು ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ.

“ಆ ಬುರುಡಿ ಅಪ್ಪನ್ನ ಕೊಂದವಂದೇ ಅಂತ ಅವಗ ಹ್ಯಾಂಗ ಗೊತ್ತಾತು?”

“ದಂಡಿಮ್ಯಾಲೆ ಬಿದ್ದ ಹೆಣದ ಮೈಮ್ಯಾಲೆ ಅವರಪ್ಪನ ಅರಿವಿ ಇದ್ವು ಮುತ್ಯಾ. ಕಳ್ಳ ಕಸಕೊಂಡು ಹಾಕ್ಕೊಂಡಿದ್ದ.”

“ಮಾರಿ?”

“ಹದ್ದು ತಿಂದಿದ್ವು.”

“ಹಂಗಂದ್ರ ಅಪ್ಪನ ಅರಿವಿ ಹಾಕ್ಕೊಂಡಂವ ಅಪ್ಪನೇ ಯಾಕ ಆಗಿರಬಾರದು ತಂಗೀ? ಹುಚ್ಚ ಹುಡುಗ ಅವರಪ್ಪನ ಬುರುಡಿಮ್ಯಾಲೇ ಆಣಿ ಮಾಡ್ಯಾನೋ ಏನೋ!”

ನಾನು ಹಾಳೆ ಹರಿದಿದೆಯೆಂದೆ. ಮುತ್ಯಾ ನಕ್ಕನು. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂದಿತ್ತು.

ಮುತ್ಯಾ ಕುರಿ ಕಾದವನು. ಫ್ಯಾಂಟಮನ ಹತ್ತಿರ ಡೆವಿಲ್ ಎಂಬ ಪ್ರಾಣಿಯಿದೆ. ಯಾರಾದರೂ ‘ನಾಯಿ’ ಎಂದರೆ ‘ಅಲ್ಲ, ತೋಳ’ ಎಂದು ತಿದ್ದುವುದು ಆ ಕಥೆಗಳ ಒಂದು ಚಮತ್ಕಾರ. ಸಾವಿಲ್ಲದ ಮನುಷ್ಯನನ್ನು ಮುತ್ಯಾ ತಕರಾರಿಲ್ಲದೆ ಒಪ್ಪಿದ್ದನು; ಕುದುರೆಯ ಪಕ್ಕದಲ್ಲಿ ತೆಪ್ಪಗೆ ಓಡುವ ತೋಳವನ್ನು ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. “ತ್ವಾಳ ಯಾರ ಮಾತೂ ಕೇಳಂಗಿಲ್ಲ. ಬರೆದಂವ ತ್ವಾಳ ನೋಡಿಲ್ಲ” ಎಂದುಬಿಟ್ಟನು. ನಮ್ಮ ಭಾಗದ ಬಯಲು ಹೊಲಗಳಲ್ಲಿ ಹಟ್ಟಿಗೆ ತೋಳ ನುಗ್ಗಿದ ರಾತ್ರಿಗಳನ್ನು ಕಂಡವನ ವಿಮರ್ಶೆ ಇದು.

ಆಯಿಯದು ಬೇರೆ ಪ್ರಶ್ನೆ. “ಇಪ್ಪತ್ತೊಂದು ತಲಿಮಾರಿನಾಗ ಒಬ್ಬಂವಗೂ ಬರೇ ಹೆಣ್ಣು ಹುಟ್ಟಲಿಲ್ಲೇನು?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಲೆಕ್ಕ ಮಾಡಿ ನೋಡಿದ್ದೇನೆ. 1536ರಿಂದ 1936ರವರೆಗೆ 400 ವರ್ಷ. ಅಷ್ಟರಲ್ಲಿ ಇಪ್ಪತ್ತು ಮಂದಿ ಫ್ಯಾಂಟಮರು ಮುಗಿದಿದ್ದಾರೆ. ಒಬ್ಬೊಬ್ಬನ ಪಾಲಿಗೆ ಸರಾಸರಿ 20 ವರ್ಷ. ತಂದೆ ಸತ್ತ ಮೇಲೆಯೇ ಮಗ ವೇಷ ಹಾಕಬೇಕು. ಆ ವೇಳೆಗೆ ಅವನು ಹೋರಾಡುವ ಪ್ರಾಯದವನೂ ಆಗಿರಬೇಕು. ಎಂದರೆ ಪ್ರತಿಯೊಬ್ಬನೂ ಇಪ್ಪತ್ತರ ಆಸುಪಾಸಿನಲ್ಲಿ ಮದುವೆಯಾಗಿ, ಕೂಡಲೇ ಗಂಡುಮಗುವನ್ನು ಪಡೆದು, ನಲವತ್ತರ ಆಸುಪಾಸಿನಲ್ಲಿ ಸಾಯಬೇಕು. ಮೊದಲ ಮಗುವೇ ಗಂಡಾಗುವುದು ಇಪ್ಪತ್ತು ಸಲ ಸಾಲಾಗಿ ನಡೆಯಬೇಕಾದರೆ, ನಾಣ್ಯವನ್ನು ಇಪ್ಪತ್ತು ಬಾರಿ ಚಿಮ್ಮಿ ಇಪ್ಪತ್ತು ಬಾರಿಯೂ ಒಂದೇ ಮುಖ ಬಿದ್ದಂತೆ. 10 ಲಕ್ಷಕ್ಕೂ ಹೆಚ್ಚು ಸಲ ಯತ್ನಿಸಿದರೆ ಒಮ್ಮೆ ಆದೀತು. ಲೀ ಫಾಕನಿಗೂ ಇಂಥ ಪ್ರಶ್ನೆ ಕಾಡಿತೋ ಏನೋ, ಹಿಂದಿನ ಒಬ್ಬ ಫ್ಯಾಂಟಮನ ಸೋದರಿ ಜೂಲಿ ಎಂಬವಳು ಅಣ್ಣ ಗಾಯಗೊಂಡಿದ್ದಾಗ ಅದೇ ವೇಷ ಹಾಕಿ ಕೆಲಸ ನಿರ್ವಹಿಸಿದ ಕಥೆಯನ್ನು ಬರೆದಿದ್ದಾನೆ. ಅಣ್ಣ ಗುಣವಾದ ಮೇಲೆ ಅವಳು ವೇಷ ಕಳಚಿದಳು. ಆಯಿಗೆ ಈ ಕಥೆ ಹೇಳಿದಾಗ “ಹಂಗೇ ಆಗ್ತದ” ಎಂದಷ್ಟೇ ಹೇಳಿ ಎದ್ದು ಹೋದಳು.

ಕಾಲೇಜು ಸೇರಿದ ಮೇಲೆ ಜೇವರ್ಗಿಯ ಗೆಳತಿಯೊಬ್ಬಳ ಮನೆಯಲ್ಲಿ, ನಿವೃತ್ತ ಶಿಕ್ಷಕರಾಗಿದ್ದ ಅವಳ ಅಜ್ಜ ದಾರ ಹಾಕಿ ಹೊಲಿದಿಟ್ಟಿದ್ದ ಇಂದ್ರಜಾಲದ ಕಟ್ಟೊಂದು ಟ್ರಂಕಿನಲ್ಲಿರುವುದು ತಿಳಿದುಬಂದಿತು. ದಸರೆಯ ರಜೆಗೆಂದು ಕಡ ತಂದೆನು. ಒಂದು ಹಾಳೆಯೂ ಹರಿದಿರಲಿಲ್ಲ. ನನ್ನ ಬಳಿ ಇದ್ದ ಎರಡು ಕಥೆಗಳು ಅದರಲ್ಲಿ ಸಂಪೂರ್ಣವಾಗಿ ಇದ್ದವು. ಹತ್ತು ವರ್ಷದಿಂದ ಕಾಣೆಯಾಗಿದ್ದ ಹಾಳೆಗಳನ್ನು ಎಷ್ಟು ಆತುರದಿಂದ ತಿರುವಿದೆನೆಂದು ಹೇಳಲಾರೆ. ಹಾಳೆಗಳು ಸಿಕ್ಕವು, ಉತ್ತರಗಳು ಸಿಗಲಿಲ್ಲ. ಹರಿದದ್ದು ಕಾಗದವಲ್ಲ, ಕಥೆಯೇ ಹರಿದಿತ್ತು. ಮುತ್ಯಾ ಸರಿಯಾಗಿಯೇ ಕೇಳಿದ್ದನು.

ಆದರೆ ಕಥೆಯಲ್ಲಿ ಕಂಡ ವಿಚಿತ್ರವನ್ನೆಲ್ಲ ತೂತೆಂದು ಕರೆಯಬಹುದೇ? ಇದನ್ನು ಸ್ವಲ್ಪ ವಿಚಾರಿಸಬೇಕು. ನಮ್ಮೂರಿನ ದೊಡ್ಡಾಟದಲ್ಲಿ ರಾಜನು ರಂಗಕ್ಕೆ ಬಂದೊಡನೆ ಸಾರಥಿಯು ‘ತಾವು ಯಾರು?’ ಎಂದು ಕೇಳುತ್ತಾನೆ. ಸ್ವಂತ ರಾಜನನ್ನೇ ಅರಿಯದ ಸಾರಥಿಯುಂಟೇ ಎಂದು ಯಾರೂ ಆಕ್ಷೇಪಿಸುವುದಿಲ್ಲ. ಅದು ನೋಡುವವರೂ ಆಡುವವರೂ ಮಾಡಿಕೊಂಡ ಒಪ್ಪಂದ. ಆದರೆ ಭೀಮನ ಪಾತ್ರಧಾರಿ ಕೈಗಡಿಯಾರ ಬಿಚ್ಚಲು ಮರೆತು ಬಂದರೆ ಇಡೀ ಊರೇ ನಗುತ್ತದೆ. ಮೊದಲನೆಯದು ಸಂಪ್ರದಾಯ, ಎರಡನೆಯದು ಮರೆವು. ಫ್ಯಾಂಟಮನು ಪಟ್ಟಣಕ್ಕೆ ಹೋಗುವಾಗ ‘ಮಿಸ್ಟರ್ ವಾಕರ್’ ಎಂಬ ಹೆಸರಿನಿಂದ ಉದ್ದನೆಯ ಓವರ್‌ಕೋಟು, ಟೋಪಿ, ಕಪ್ಪು ಕನ್ನಡಕ ಧರಿಸಿ ಹೊರಡುತ್ತಾನೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹಾಗೆ ಯಾರಾದರೂ ಅಫಜಲಪುರದ ಬಸ್‌ಸ್ಟ್ಯಾಂಡಿಗೆ ಬಂದು ನಿಂತರೆ ನೂರು ಮಂದಿ ಮುತ್ತಿಕೊಂಡಾರು! ಆದರೂ ಇದನ್ನು ಸಾರಥಿಯ ಪ್ರಶ್ನೆಯ ಸಾಲಿಗೇ ಸೇರಿಸುತ್ತೇನೆ. ಬುರುಡೆಯದು ಮತ್ತು ಇಪ್ಪತ್ತೊಂದು ತಲೆಮಾರಿನದು ಮಾತ್ರ ಭೀಮನ ಕೈಗಡಿಯಾರ.

ಅವನ ಉಡುಪಿನ ಬಣ್ಣದ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ದಿನಪತ್ರಿಕೆಯಲ್ಲಿ ಅದು ಕಪ್ಪು-ಬಿಳುಪು ಚಿತ್ರ. ಲೀ ಫಾಕನ ಮನಸ್ಸಿನಲ್ಲಿದ್ದುದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಉಡುಪು ನೇರಳೆಯಾಗಿ ಅಚ್ಚಾಯಿತು. ಇಟಲಿಯಲ್ಲಿ ಕೆಂಪಾಯಿತು, ಸ್ವೀಡನ್ ಕಡೆ ನೀಲಿಯಾಯಿತು. ನಮ್ಮ ಇಂದ್ರಜಾಲದಲ್ಲಿಯೂ ಮೊದಲ ಕೆಲವು ಸಂಚಿಕೆಗಳಲ್ಲಿ ನೀಲಿ, ಆಮೇಲೆ ನೇರಳೆ. ಕಾಡಿನಲ್ಲಿ ಅಡಗಿ ಕುಳಿತುಕೊಳ್ಳಬೇಕಾದವನು ಬದನೆಕಾಯಿಯ ಬಣ್ಣದ ಅರಿವೆ ತೊಡುವುದು ಯಾವ ಜಾಣತನವೋ ತಿಳಿಯದು.

ಮೂರನೆಯ ಬಗೆಯದೊಂದಿದೆ: ತೂತಿಗೆ ಹಾಕಿದ ತೇಪೆ. ಮೂಲದಲ್ಲಿ ಫ್ಯಾಂಟಮನ ನಾಡಿನ ಹೆಸರು ‘ಬೆಂಗಾಲಿ’. ಕಡಲುಗಳ್ಳರದು ‘ಸಿಂಗ್’ ಬಳಗ. ಇಪ್ಪತ್ತನೆಯ ಫ್ಯಾಂಟಮನನ್ನು ಹಿಂದಿನಿಂದ ಇರಿದು ಕೊಂದವನ ಹೆಸರು ರಾಮ! ಮೊದಮೊದಲು ಏಷ್ಯಾದಲ್ಲಿ ಎಲ್ಲಿಯೋ ಇದ್ದ ಆ ಕಾಡು ಬರಬರುತ್ತ ಆಫ್ರಿಕಕ್ಕೆ ಸರಿಯಿತು; ಆದುದರಿಂದಲೇ ಹುಲಿಯೂ ಸಿಂಹವೂ ಅಲ್ಲಿ ಒಟ್ಟಿಗಿವೆ. ಬರೆದವನು ನ್ಯೂಯಾರ್ಕಿನಲ್ಲಿ ಕುಳಿತು ನಮ್ಮ ಹೆಸರುಗಳನ್ನು ಹಿಡಿಯಷ್ಟು ಎತ್ತಿ ಎರಚಿದ್ದನು. ಇದನ್ನು ಭಾರತದಲ್ಲಿ ಅಚ್ಚು ಹಾಕುವುದು ಹೇಗೆ? ಇಂದ್ರಜಾಲದ ಸಂಪಾದಕರು ಬೆಂಗಾಲಿಯನ್ನು ‘ಡೆಂಕಾಲಿ’ ಮಾಡಿದರು, ಸಿಂಗ್ ಎಂಬುದನ್ನು ‘ಸಿಂಗಾ’ ಮಾಡಿದರು, ರಾಮನನ್ನು ‘ರಾಮಲು’ ಮಾಡಿದರು. ಒಂದೆರಡು ಅಕ್ಷರದಲ್ಲಿ ಜಗಳ ತಪ್ಪಿತು. ಮೂಲದ ಕುಬ್ಜರ ಕುಲಕ್ಕೆ ‘ಬಂದರ್’ ಎಂದು ಹೆಸರಿದೆ. ಉರ್ದು ಕಲಿತ ನಮ್ಮ ಸೀಮೆಯ ಕಿವಿಗೆ ಅದು ಮಂಗ. ಅದನ್ನು ಕೇಳಿ ಮುತ್ಯಾ ಎಷ್ಟು ಹೊತ್ತು ನಕ್ಕನೆಂದರೆ ಆ ರಾತ್ರಿ ಕಥೆ ಮುಂದೆ ಸಾಗಲಿಲ್ಲ.

ಆ ದಿನಗಳಲ್ಲಿ ಇಂದ್ರಜಾಲದಲ್ಲಿ ಕೆಲಸ ಮಾಡಿದವರಲ್ಲೊಬ್ಬರು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ. ಮುಂದೆ ಅವರೇ ಅಮರ ಚಿತ್ರ ಕಥಾ ಮಾಲೆಯನ್ನು ಬೆಳೆಸಿದರು. ಆ ಮಾಲೆಯಲ್ಲಿ ಕಥೆಯಲ್ಲದ, ಎಣಿಕೆಯ ತೂತೊಂದಿದೆ. ಇಂಗ್ಲಿಷಿನ ಹಳೆಯ ಪಟ್ಟಿ ಒಂದರಿಂದ ಆರಂಭವಾಗುವುದಿಲ್ಲ. ‘ಕೃಷ್ಣ’ ಎಂಬ ಮೊದಲ ಪುಸ್ತಕದ ಸಂಖ್ಯೆಯೇ 11. ಇಲ್ಲಿಯೂ ಹತ್ತು ಹಾಳೆ ಹರಿದವೇ ಎಂದು ಹುಡುಕಿದಾಗ ತಿಳಿದುದೇನೆಂದರೆ, ಮೊದಲ ಹತ್ತು ಪುಸ್ತಕಗಳು ಕನ್ನಡದವು! ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ಜಿ.ಕೆ. ಅನಂತರಾಮ್ ಎಂಬವರ ಸಲಹೆಯಂತೆ 1965ರಲ್ಲಿ ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿ ಬಂದವು. ಅವು ಮಾರಾಟವಾದದ್ದನ್ನು ಕಂಡ ಮೇಲೆಯೇ ಉಳಿದದ್ದು ನಡೆಯಿತು. ಹನ್ನೊಂದರಿಂದ ಎಣಿಸುವವರಿಗೆ ಆ ಮೊದಲ ಹತ್ತು ಎಲ್ಲಿ ಹೋದವೆಂದು ಕೇಳುವ ಮನಸ್ಸಾಗಬೇಕು.

ಈ ವಿಷಯವನ್ನು ತರಗತಿಯ ಸೆಮಿನಾರಿನಲ್ಲಿ ಓದಿದಾಗ ನಮ್ಮ ಇಂಗ್ಲಿಷ್ ಅಧ್ಯಾಪಕರು, ತೂತುಗಳು ಏಕೆ ಆಗುತ್ತವೆ ಎಂಬುದನ್ನು ತಿಳಿಯಬೇಕಾದರೆ ಕೆನಡಾದ ಯುದ್ಧಕಾಲದ ಪುಸ್ತಕಗಳನ್ನು ನೋಡೆಂದರು. ಅವುಗಳ ಹಲವು ಪುಟಗಳನ್ನು ಫೋನಿನಲ್ಲಿಯೇ ನೋಡಿದೆನು. 1940ರ ಡಿಸೆಂಬರಿನಲ್ಲಿ ಕೆನಡಾ ಸರ್ಕಾರವು ಯುದ್ಧಕ್ಕಾಗಿ ಹಣ ಉಳಿಸಲು ಅಮೇರಿಕದಿಂದ ಬರುವ ಅನಾವಶ್ಯಕ ಸರಕುಗಳನ್ನು ಕಾನೂನಿನಿಂದ ತಡೆಯಿತು. ಚಿತ್ರಕಥೆಗಳೂ ಆ ಪಟ್ಟಿಯಲ್ಲಿದ್ದವು. ಮಕ್ಕಳ ಕೈ ಬರಿದಾಯಿತು. 1941ರಿಂದ ಟೊರಾಂಟೊ, ವ್ಯಾಂಕೂವರ್ ನಗರಗಳಲ್ಲಿ ಸ್ವಂತ ಪುಸ್ತಕಗಳು ಹೊರಟವು. ರಕ್ಷಾಪುಟ ಬಣ್ಣದ್ದು, ಒಳಗೆಲ್ಲ ಕಪ್ಪು-ಬಿಳುಪು. ಅದಕ್ಕಾಗಿ ಅವನ್ನು ‘ಕೆನಡಾದ ಬಿಳಿಯವು’ ಎಂದೇ ಕರೆಯುತ್ತಾರೆ.

ಅವುಗಳಲ್ಲಿ ನೆಲ್ವಾನಾ ಎಂಬ ನಾಯಿಕೆ 1941ರ ಆಗಸ್ಟಿನಲ್ಲಿ ಬಂದಳು. ಬರೆದವನು ಏಡ್ರಿಯನ್ ಡಿಂಗಲ್. ಉತ್ತರ ಧ್ರುವದ ಬೆಳಕಿನ ರಾಜನಿಗೂ ಮಾನವ ಸ್ತ್ರೀಗೂ ಹುಟ್ಟಿದ ಇವಳು ಆ ಬೆಳಕಿನ ಮೇಲೆಯೇ ಸಂಚರಿಸಬಲ್ಲಳು. ಮಂಜಿನ ನಾಡಿನಲ್ಲಿ ಮೊಣಕಾಲ ಮೇಲಿನ ಲಂಗ ತೊಟ್ಟು ಬರಿಗಾಲ ತೊಡೆಯಲ್ಲಿ ನಿಲ್ಲುತ್ತಾಳೆ! ದೇವತೆಗೆ ಚಳಿಯಿಲ್ಲವೆಂದು ಬಿಡೋಣ. ಆದರೆ ಹಿಮನಾಡಿನ ಮೂಲನಿವಾಸಿಗಳ ದೇವತೆಯಾಗಿ ಬಂದವಳ ಮುಖ ಮಾತ್ರ ಬಿಳಿಯ ಚಿತ್ರತಾರೆಯರ ಮುಖ. ಮುಂದೆ ಅವಳು ಆಲಾನಾ ನಾರ್ತ್ ಎಂಬ ಹೆಸರಿನ ಗುಪ್ತಚಾರಿಣಿಯಾಗಿ ಪಟ್ಟಣ ಸೇರುತ್ತಾಳೆ. ಇದನ್ನು ಮರೆವೆಂದು ನಾನು ಒಪ್ಪಲಾರೆ. ಯಾರ ಕಥೆಯೋ ಅವರ ಮುಖವನ್ನೇ ತೆಗೆದುಹಾಕಿದಂತೆ.

ಜಾನಿ ಕನಕ್ ಎಂಬ ಇನ್ನೊಬ್ಬ ನಾಯಕನನ್ನು 1942ರಲ್ಲಿ ಸೃಷ್ಟಿಸಿದ ಲಿಯೋ ಬಾಕ್ಲ್ ಆಗಿನ್ನೂ ಹದಿಹರೆಯದ ವಿದ್ಯಾರ್ಥಿ. ಜಾನಿಗೆ ಯಾವ ಮಾಂತ್ರಿಕ ಶಕ್ತಿಯೂ ಇಲ್ಲ; ಆದರೂ ಹಿಟ್ಲರನ ಎದುರಿಗೇ ಹೋಗಿ ನಿಲ್ಲುತ್ತಾನೆ. ಹಾಗಿದ್ದರೆ ಯುದ್ಧ ಅಲ್ಲಿಗೇ ಮುಗಿಯಬೇಕಿತ್ತಲ್ಲ? ಮುಗಿಯುವಂತಿಲ್ಲ, ಏಕೆಂದರೆ ನಿಜವಾದ ಯುದ್ಧ ಮುಗಿದಿರಲಿಲ್ಲ. ಪುಸ್ತಕ ಓದುವ ಹುಡುಗನ ಅಣ್ಣನೋ ತಂದೆಯೋ ಇನ್ನೂ ರಣರಂಗದಲ್ಲಿದ್ದನು. ಈ ತೂತು ಬರೆದವನ ಅಜಾಗ್ರತೆಯಿಂದ ಆದದ್ದಲ್ಲ, ಕಾಲ ಮಾಡಿದ್ದು. ಅಮೇರಿಕದವರು ಈ ಕಷ್ಟವನ್ನು ಮೊದಲೇ ಕಂಡುಕೊಂಡರು. ಸೂಪರ್‌ಮ್ಯಾನ್ ಸೈನ್ಯ ಸೇರಿದರೆ ಒಂದೇ ದಿನದಲ್ಲಿ ಯುದ್ಧ ಮುಗಿಯಬೇಕಾದೀತೆಂದು 1942ರಲ್ಲಿ ಒಂದು ಉಪಾಯ ಮಾಡಿದರು: ಕಣ್ಣಿನ ಪರೀಕ್ಷೆಯಲ್ಲಿ ಅವನ ದೃಷ್ಟಿ ಗೋಡೆ ತೂರಿ ಪಕ್ಕದ ಕೋಣೆಯ ಅಕ್ಷರಗಳನ್ನು ಓದಿಬಿಟ್ಟಿತು, ಅವನು ನಪಾಸಾದನು! ನನಗೆ ಗೊತ್ತಿರುವ ತೇಪೆಗಳಲ್ಲೆಲ್ಲ ಇದೇ ಅಂದವಾದುದು. ನಮ್ಮ ಫ್ಯಾಂಟಮನಿಗೂ ಯುದ್ಧದ ಬಿಸಿ ತಗಲಿತು. ರೇ ಮೂರ್ ಸೈನ್ಯಕ್ಕೆ ಹೋದನು, ಸಹಾಯಕನಾಗಿದ್ದ ವಿಲ್ಸನ್ ಮೆಕಾಯ್ ಚಿತ್ರ ಬರೆಯತೊಡಗಿದನು, ನಾಯಕನ ಮುಖವೇ ಬದಲಾಯಿತು. ಯುದ್ಧ ಮುಗಿದು ಅಮೇರಿಕದ ಪುಸ್ತಕಗಳು ಮರಳಿ ಬಂದೊಡನೆ ಕೆನಡಾದವು ಒಂದೆರಡು ವರ್ಷದಲ್ಲಿ ಅಳಿದವು. ಅವೂ ರದ್ದಿಗೇ ಹೋಗಿರಬೇಕು.

ಇನ್ನು ಒಂದು ಮಾತು. ಇದು ಪುಸ್ತಕದ್ದಲ್ಲ, ಆದರೆ ಪುಸ್ತಕ ಕಲಿಸಿದ್ದು. ಕಳೆದ ವರ್ಷ ನಮ್ಮ ಹೊಲದ ಕೆಲಸಕ್ಕಾಗಿ ಒಂದು ಕಚೇರಿಯಿಂದ ಹಳೆಯ ಕಾಗದದ ನಕಲು ಬಂದಿತು. ಮನೆಯಲ್ಲಿ ಓದುವವಳು ನಾನೊಬ್ಬಳೇ. ಮುತ್ಯಾನ ಅಪ್ಪ ಎರಡೂವರೆ ಎಕರೆಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಂತೆ ಅದರಲ್ಲಿ ಬರೆದಿದೆ, ಕೆಳಗೆ ಅವನ ಹೆಬ್ಬೆಟ್ಟು, ವರ್ಷ 1975. ಮನೆಯವರೆಲ್ಲ ಕಾಗದವನ್ನು ಕಣ್ಣಿಗೊತ್ತಿಕೊಂಡು ಸುಮ್ಮನಾದರು. ಮೊದಲಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಆದರೆ ಮುತ್ಯಾನ ಅಪ್ಪ ತೀರಿಕೊಂಡದ್ದು ದೊಡ್ಡ ಬರದ ವರ್ಷದಲ್ಲಿ, 1972ರಲ್ಲಿ, ಎಂದು ಆಯಿ ಎಷ್ಟೋ ಸಲ ಹೇಳಿದ್ದಳು. ಮಣ್ಣಿಗೆ ಹೋದ ಮಂದಿಗೆ ಅನ್ನ ಹಾಕಲು ಜೋಳ ಇರಲಿಲ್ಲವೆಂದು ಹೇಳುವಾಗಲೆಲ್ಲ ಅವಳ ದನಿ ಇಳಿಯುತ್ತಿತ್ತು. ನಾನು ಎರಡು ಇಸವಿಗಳನ್ನೂ ಗಟ್ಟಿಯಾಗಿ ಓದಿದೆನು. ಮುತ್ಯಾ ಬಹಳ ಹೊತ್ತು ಮಾತಾಡಲಿಲ್ಲ.

“ನಮ್ಮಪ್ಪನೂ ಸಾಯಲಾರದಂವ ಅಂತ ಬರದಾರೇನು ತಂಗೀ?” ಎಂದನು. ಆಮೇಲೆ, “ಹಾಳಿ ಏನರ ಹರದದೇನು, ನೋಡು” ಎಂದನು.

ಹಾಳೆ ಹರಿದಿರಲಿಲ್ಲ. ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದೆನು. ಅರ್ಜಿ ಬರೆದು ಕೊಟ್ಟಿದ್ದೇವೆ. ಆ ಹೆಬ್ಬೆಟ್ಟು ಯಾರದೆಂದು ಕೇಳಿದ್ದೇವೆ. ಎರಡು ತಾರೀಖು ಮುಗಿದಿವೆ, ಮೂರನೆಯದು ಪರೀಕ್ಷೆಯ ವಾರದಲ್ಲಿಯೇ ಬಿದ್ದಿದೆ. ಮುತ್ಯಾ ತಾನೊಬ್ಬನೇ ಹೋಗುವೆನೆನ್ನುತ್ತಾನೆ. ಕಾಗದವನ್ನು ಓದಿ ಓದಿ ಅವನಿಗೆ ಬಾಯಿಪಾಠ ಮಾಡಿಸುತ್ತಿದ್ದೇನೆ.

ಕಡೆಯದಾಗಿ ವಾಚಕರಲ್ಲಿ ಒಂದು ವಿನಂತಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾರ ಮನೆಯ ಅಟ್ಟದ ಮೇಲಾದರೂ, ಟ್ರಂಕಿನಲ್ಲಾದರೂ ಕನ್ನಡದ ಹಳೆಯ ಇಂದ್ರಜಾಲ ಪುಸ್ತಕಗಳಿದ್ದರೆ, ಅಥವಾ 1965ರ ಆ ಮೊದಲ ಹತ್ತು ಅಮರ ಚಿತ್ರ ಕಥೆಗಳಲ್ಲಿ ಒಂದಾದರೂ ಇದ್ದರೆ, ದಯಮಾಡಿ ರದ್ದಿಗೆ ಹಾಕಬೇಡಿರಿ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಿದರೆ ನಾನು ನೋಡಿ, ಬರೆದುಕೊಂಡು, ಜೋಪಾನವಾಗಿ ಹಿಂತಿರುಗಿಸುವೆನು. ಆಳಂದದ ಗೋಣಿಚೀಲದ ಪುಸ್ತಕಗಳಲ್ಲಿ ಒಂದರ ಕಡೆಯ ನಾಲ್ಕು ಪುಟಗಳು ಇನ್ನೂ ಸಿಕ್ಕಿಲ್ಲ. ಅದರಲ್ಲಿ ಡೆವಿಲ್ ಬಲೆಗೆ ಬಿದ್ದಿದೆ. ಅದು ಬಿಡಿಸಿಕೊಂಡು ಬಂದಿತೇ, ಇಲ್ಲವೇ ಎಂದು ಮುತ್ಯಾ ಈಗಲೂ ಕೇಳುತ್ತಿರುತ್ತಾನೆ.